ಸೀಟಿ ಊದುವ ಕೆಲಸ

1978ರ ಸುಮಾರು. ತಿಪಟೂರಿನಿಂದ ನಮ್ಮ ಹಳ್ಳಿಗೆ ದಿನಕ್ಕೆ ಎರಡೇ ಬಸ್ಸು. ದೊಡ್ಡವರಾದ ಮೇಲೆ ಏನಾಗ್ತೀರೋ ಎಂದು ಮೇಷ್ಟ್ರು ಕೇಳಿದಾಗ ಪಕ್ಕದವನು ‘ಡಾಕ್ಟರ್’ ಅಂದ. ನಾನು ಎದೆಯುಬ್ಬಿಸಿ ‘ಕಂಡಕ್ಟರ್’ ಅಂದೆ. ಇಡೀ ಕ್ಲಾಸು ಘೊಳ್ಳೆಂದಿತು. ನಗುವಂಥದ್ದೇನಿದೆಯೋ ನನಗೆ ತಿಳಿಯಲಿಲ್ಲ. ಊರ ಪಟೇಲರೇ ಹತ್ತಿ ಕೂತಿದ್ದರೂ ಆ ಖಾಕಿಯ ಮನುಷ್ಯ ಸೀಟಿ ಊದದೆ ಬಸ್ಸು ಮಿಸುಕುತ್ತಿರಲಿಲ್ಲವಲ್ಲ!

ಅವರ ಕೈಚಳಕ ನೋಡಲೆಂದೇ ನಾನು ಹಿಂದಿನ ಬಾಗಿಲ ಹತ್ತಿರ ನಿಲ್ಲುತ್ತಿದ್ದೆ. ಎಡಗೈಯಲ್ಲಿ ಟಿಕೆಟ್ ಕಟ್ಟುಗಳು, ಒಂದೊಂದು ದರಕ್ಕೆ ಒಂದೊಂದು ಬಣ್ಣ. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಸರಕ್ಕನೆ ಒಂದು ಹರಿದು, ಸ್ಟೇಜಿನ ನಂಬರಿನ ಮೇಲೆ ಟಕ್ಕೆಂದು ಪಂಚ್ ಒತ್ತುವರು. ಚಿಲ್ಲರೆ ಇಲ್ಲದಿದ್ದರೆ ಟಿಕೆಟಿನ ಬೆನ್ನಿಗೆ ಬಾಕಿ ಬರೆದು, ‘ಇಳಿಯುವಾಗ ಇಸ್ಕೊಳ್ಳಿ’ ಅನ್ನುವರು. ಎಷ್ಟೋ ಜನ ಇಳಿಯುವ ಗಡಿಬಿಡಿಯಲ್ಲಿ ಮರೆತೇ ಹೋಗುವರು.

ಜನ ಬಿಸಾಡಿದ ಟಿಕೆಟುಗಳನ್ನು ಆಯ್ದು ತಂದು ನಮ್ಮ ಜಗುಲಿಯಲ್ಲೇ ಬಸ್ಸು ಬಿಡುತ್ತಿದ್ದೆ. ಸೀಟಿ ನನ್ನದು, ಪ್ಯಾಸೆಂಜರ್ ತಂಗಿ. ‘ಒಂದ್ಸಲ ನಾನು ಕಂಡಕ್ಟರ್ ಆಗ್ತೀನಣ್ಣ’ ಎಂದು ಅವಳು ಗೋಗರೆದರೆ, ‘ಹೆಂಗಸ್ರು ಎಲ್ಲಾದ್ರೂ ಕಂಡಕ್ಟರ್ ಆಗ್ತಾರೇನೇ?’ ಅಂದುಬಿಡುತ್ತಿದ್ದೆ.

ಹೈಸ್ಕೂಲಿಗೆ ಅದೇ ಬಸ್ಸಿನಲ್ಲಿ ಓಡಾಡತೊಡಗಿದ ಮೇಲೆ ವೇಬಿಲ್ ಕಣ್ಣಿಗೆ ಬಿತ್ತು. ಸ್ಟೇಜು ದಾಟಿದಾಗೆಲ್ಲ ಪ್ರತಿ ಕಟ್ಟಿನ ಮೇಲಿನ ಟಿಕೆಟಿನ ನಂಬರನ್ನು ಅದರಲ್ಲಿ ಬರೆಯಬೇಕು. ಕೊನೆಯ ನಂಬರಿನಿಂದ ಮೊದಲ ನಂಬರು ಕಳೆದು ದರದಿಂದ ಗುಣಿಸಿದರೆ ಬ್ಯಾಗಿನಲ್ಲಿ ಇರಬೇಕಾದ ಹಣ. ಕುಲುಕುವ ಬಸ್ಸು, ಕಂಕುಳಲ್ಲಿ ಬ್ಯಾಗು, ನಡುದಾರಿಯಲ್ಲಿ ಚೆಕಿಂಗ್‌ನವರು ಹತ್ತುವ ಭಯ, ಇವುಗಳ ನಡುವೆ ಈ ಲೆಕ್ಕ. ಒಂದು ಸಂಜೆ ಕೊನೇ ಸ್ಟಾಪಿನಲ್ಲಿ ಕಂಡಕ್ಟರು ಬ್ಯಾಗಿನ ದುಡ್ಡನ್ನು ಎರಡು ಸಲ ಎಣಿಸಿದರು. ಆಮೇಲೆ ಅಂಗಿಯ ಜೇಬಿಗೆ ಕೈಹಾಕಿ ಏಳು ರೂಪಾಯಿ ತೆಗೆದು ಬ್ಯಾಗಿಗೆ ಸೇರಿಸಿದರು. ನಾನು ನೋಡುತ್ತಿದ್ದುದನ್ನು ಕಂಡು, ‘ಕಮ್ಮಿ ಬಂದ್ರೆ ನಾವೇ ತುಂಬ್ಬೇಕು ಕಣಪ್ಪ’ ಅಂದರು. ಅವತ್ತಿನಿಂದ ಕಂಡಕ್ಟರ್ ಆಗುವ ಮಾತನ್ನು ನಾನೇ ಎತ್ತಲಿಲ್ಲ.

ಆಮೇಲೆ ಒಂದು ವರ್ಷ ಪೈಲಟ್, ಇನ್ನೊಂದು ವರ್ಷ ಲಾಯರ್. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಇವನ್ನೆಲ್ಲ ಇತ್ಯರ್ಥ ಮಾಡಿತು. ನೆರಳಲ್ಲಿ ಕೂತು ಮಾಡುವ ಕೆಲಸ ನೋಡ್ಕೋ ಅಂದರು ಅಪ್ಪ. ಬಿಎಸ್‌ಆರ್‌ಬಿ ಪರೀಕ್ಷೆ ಬರೆದು ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತೆ. ಮೊದಲ ತಿಂಗಳೇ ನೂರು ರೂಪಾಯಿ ಕಮ್ಮಿ ಬಂತು. ಜೇಬಿಗೆ ಕೈಹಾಕುವಾಗ ಆ ಸಂಜೆಯ ಬಸ್ಸು ನೆನಪಾಗಿ ನಗು ಬಂತು. ತಪ್ಪಿಸಿಕೊಂಡೆ ಅಂದುಕೊಂಡಿದ್ದ ಕೆಲಸಕ್ಕೇ ಬಂದು ಕೂತಿದ್ದೆ, ಸೀಟಿಯೊಂದಿರಲಿಲ್ಲ ಅಷ್ಟೆ.

ಈಚೆಗೆ ತಂಗಿಯ ಜೊತೆ ಊರಿಗೆ ಹೊರಟಿದ್ದೆ. ಬಣ್ಣದ ಕಟ್ಟು, ಪಂಚ್ ಎರಡೂ ಹೋಗಿ ಕೈಗೊಂದು ಮಷೀನು ಬಂದಿದೆ. ಕೂಡುವ ಕಳೆಯುವ ಲೆಕ್ಕವೆಲ್ಲ ಅದರದೇ. ನಾನು ಫೋನಿನಲ್ಲಿ ಸ್ಕ್ಯಾನ್ ಮಾಡಿ ದುಡ್ಡು ಕೊಟ್ಟೆ, ಬೆನ್ನಿಗೆ ಬಾಕಿ ಬರೆಯುವ ಪ್ರಮೇಯವೇ ಬರಲಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ಹೆಂಗಸರಿಗೆ ಸೊನ್ನೆ ರೂಪಾಯಿಯ ಟಿಕೆಟು. ತಂಗಿ ಆಧಾರ್ ತೋರಿಸಿದಳು. ‘ಟಿಕೆಟ್ ಜೋಪಾನ ಅಕ್ಕ, ಚೆಕಿಂಗ್ ಬಂದ್ರೆ ಕೇಳ್ತಾರೆ’ ಎನ್ನುತ್ತ ಚೀಟಿ ಹರಿದುಕೊಟ್ಟ ಕಂಡಕ್ಟರಿಗೆ ಮೂವತ್ತು ದಾಟಿರಲಿಕ್ಕಿಲ್ಲ. ಖಾಕಿ ಕೋಟು, ಜಡೆಗೆ ಮಲ್ಲಿಗೆ, ಕೊರಳಲ್ಲಿ ಸೀಟಿ.

ಮುಂದಿನ ಸ್ಟಾಪಿನಲ್ಲಿ ಆಕೆ ಸೀಟಿ ಊದಿದಳು. ಬಸ್ಸು ಹೊರಟಿತು. ತಂಗಿ ಕಿಟಕಿಯ ಕಡೆ ತಿರುಗಿಕೊಂಡೇ ಅಂದಳು: ‘ನೀನು ಒಂದೇ ಒಂದ್ಸಲಾನೂ ಕೊಡ್ಲಿಲ್ಲ ನೋಡು.’