ಒಂಬತ್ತು ಮನೆಯ ಚೌಕಟ್ಟು

ಫೋಟೊ ತೆಗೆಯೋ ಆಸೆ ಇರೋರು ಫೋನ್ ಕ್ಯಾಮೆರಾದ ಸೆಟ್ಟಿಂಗ್ಸ್‌ಗೆ ಹೋಗಿ 'ಗ್ರಿಡ್' ಆನ್ ಮಾಡಿಕೊಳ್ಳಿ. ಅಡ್ಡ ಎರಡು, ಉದ್ದ ಎರಡು ಗೆರೆ ಬಂದು ಪರದೆ ಒಂಬತ್ತು ಮನೆಯಾಗುತ್ತೆ. ಗೆರೆಗಳು ಸೇರುವ ನಾಲ್ಕು ಜಾಗಗಳಲ್ಲಿ ಒಂದರ ಹತ್ತಿರ ಮುಖ್ಯ ವಸ್ತು ಇರಲಿ ಅನ್ನೋದೇ ರೂಲ್ ಆಫ್ ಥರ್ಡ್ಸ್. ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಕಲಾವಿದ 1797ರಲ್ಲೇ, ಅಂದರೆ ಕ್ಯಾಮೆರಾ ಬರೋಕೂ ಮೊದಲೇ, ಚಿತ್ರ ಬರೆಯೋರಿಗಾಗಿ ಈ ಹೆಸರಿನ ಸೂತ್ರ ಹೇಳಿದ್ದ.

ಹಂಪಿಯ ಮಾತಂಗ ಬೆಟ್ಟದ ಮೇಲೆ ನಿಂತಿದ್ದೀರಿ ಅಂದುಕೊಳ್ಳಿ. ಮೋಡಕ್ಕೆ ಬಣ್ಣ ಏರಿದ್ದರೆ ದಿಗಂತವನ್ನು ಕೆಳಗಿನ ಗೆರೆಗೆ ಇಳಿಸಿ, ಆಕಾಶಕ್ಕೇ ಎರಡು ಪಾಲು ಕೊಡಿ. ಆಕಾಶ ಬೋಳಾಗಿದ್ದರೆ ದಿಗಂತ ಮೇಲಿನ ಗೆರೆಗೆ ಹೋಗಲಿ. ಬಂಡೆಗಳಿಗೂ ಕೆಳಗಿನ ಅಚ್ಯುತರಾಯ ದೇವಸ್ಥಾನಕ್ಕೂ ಜಾಗ ಸಿಗುತ್ತೆ. ಇದರಲ್ಲಿ ನನಗೆ ತುಂಬಾ ಇಷ್ಟವಾಗೋದು ಇದೇ: ಈ ಚಿತ್ರ ಯಾವುದರ ಬಗ್ಗೆ ಅಂತ ಕ್ಲಿಕ್ಕಿಸೋಕೆ ಮೊದಲೇ ನೀವು ತೀರ್ಮಾನಿಸಲೇಬೇಕಾಗುತ್ತೆ.

ಜನರ ಫೋಟೊದಲ್ಲಿ ಕಣ್ಣು ಮೇಲಿನ ಗೆರೆಯ ಆಸುಪಾಸಿನಲ್ಲಿರಲಿ. ಅಜ್ಜಿ ಎಡಕ್ಕೆ ನೋಡ್ತಿದ್ದರೆ ಅವರನ್ನು ಬಲಕ್ಕೆ ಕೂರಿಸಿ, ನೋಟ ಹರಿಯೋ ಕಡೆ ಖಾಲಿ ಬಿಡಿ.

ವಿಠ್ಠಲ ದೇವಸ್ಥಾನದ ಕಲ್ಲಿನ ರಥವನ್ನು ನೇರ ಎದುರಿನಿಂದ ತೆಗೆಯುವಾಗ ಮಾತ್ರ ಈ ರೂಲನ್ನು ಧಾರಾಳವಾಗಿ ಮುರಿಯಿರಿ. ಅಲ್ಲಿ ನಟ್ಟನಡುವೇ ಸರಿ. ಕೆರೆ ನೀರಿನ ಪ್ರತಿಬಿಂಬಕ್ಕೂ ಅಷ್ಟೇ. ಅಂದಹಾಗೆ, ಹಳೇ ಫೋಟೊ ಕ್ರಾಪ್ ಮಾಡುವಾಗಲೂ ಸಾಮಾನ್ಯವಾಗಿ ಇದೇ ಗೆರೆಗಳು ಬರುತ್ತವೆ. ಅಂಥ ಒಂದು ಫೋಟೊವನ್ನು ಈಗಲೇ ತೆರೆದು ಸರಿಸಿ ನೋಡಿ.