ಚುಕ್ಕಿಗೆ ಎರಡು ವಾರದ ರಜೆ

ತಿಪಟೂರು

ಪುಟ್ಟಿ,

ಆಪರೇಷನ್ ಆದ ಚುಕ್ಕಿಯನ್ನು ಕರೆದುಕೊಂಡು ಹೋಗಲು ನಿಮ್ಮ ಮನೆಯವರು ಬಂದಿದ್ದಾರೆ. ಕಾಫಿ ಕುಡಿದು, ಮಂಡಿಯಲ್ಲಿ ಕೊಬ್ಬರಿಯದೇನೋ ಲೆಕ್ಕ ಬಾಕಿ ಇದೆ ಅಂತ ಹೋದರು. ಅವರು ಬರುವಷ್ಟರಲ್ಲಿ ಇದನ್ನು ಬರೆದು ಔಷಧಿ ಚೀಲದಲ್ಲಿ ಇಡುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಮುದ್ದೆ ತಿರುವುತ್ತ ‘ಹೂಂ, ಹೂಂ’ ಅನ್ನುತ್ತೀಯ. ಅರ್ಧ ಮಾತು ಒಲೆಗೆ ಹೋಗುತ್ತದೆ. ಕಾಗದವಾದರೆ ನಿಮ್ಮತ್ತೆಯವರಿಗೂ ಓದಿ ಹೇಳಬಹುದು.

ಹೆಣ್ಣುನಾಯಿಗೆ ಮರಿಯಾಗದ ಆಪರೇಷನ್ ಅಂದರೆ ಏನು ಮಾಡಿದ್ದಾರೆ ಅಂತ ಮೊದಲು ತಿಳಿದುಕೋ. ಹೊಟ್ಟೆ ಕೊಯ್ದು ಗರ್ಭಕೋಶವನ್ನೂ ಎರಡು ಅಂಡಾಶಯಗಳನ್ನೂ ತೆಗೆದಿದ್ದಾರೆ. ಹೊರಗೆ ಕಾಣುವುದು ಬೆರಳುದ್ದದ ಒಂದು ಗೆರೆ ಅಷ್ಟೇ. ಒಳಗೆ ಹೊಟ್ಟೆಯ ಸ್ನಾಯುವಿಗೆ ಬೇರೆ ಹೊಲಿಗೆ ಇದೆ, ರಕ್ತನಾಳ ಕಟ್ಟಿದ ಗಂಟುಗಳಿವೆ. ಮೇಲಿನ ಚರ್ಮ ಬೇಗ ಕೂಡುತ್ತದೆ, ಒಳಗಿನದು ನಿಧಾನ. ಎರಡು ಮೂರು ದಿನಕ್ಕೇ ಚುಕ್ಕಿ ಬಾಲ ಎತ್ತಿಕೊಂಡು ತೋಟ ಸುತ್ತಲು ಹೊರಡುತ್ತಾಳೆ, ನೋಡುತ್ತಿರು. ‘ಪರವಾಗಿಲ್ಲ, ಹುಷಾರಾದಳು’ ಅಂತ ನೀವೆಲ್ಲ ಅಂದುಕೊಳ್ಳುವ ಆ ಹೊತ್ತೇ ಅಪಾಯದ್ದು. ಅವಳಿಗೆ ನೋವು ಕಾಣದಿರುವುದು ಮಾತ್ರೆಯ ಗುಣದಿಂದ, ಗಾಯ ಮಾಯ್ದದ್ದರಿಂದಲ್ಲ. ಕಾಯಿಯನ್ನು ಅಟ್ಟಕ್ಕೆ ಹಾಕಿ ಕೊಬ್ಬರಿಯಾಗಲಿ ಅಂತ ಹತ್ತು ಹನ್ನೊಂದು ತಿಂಗಳು ಕಾಯುವ ಜನ ನಾವು. ಒಂದು ಹೊಟ್ಟೆ ಕೂಡಿಕೊಳ್ಳಲು ಎರಡು ವಾರ ಕಾಯುವುದು ಹೆಚ್ಚಲ್ಲ.

ನಿನ್ನೆ ರಾತ್ರಿ ಅರಿವಳಿಕೆಯ ಮಂಪರು ಇಳಿಯುವವರೆಗೂ ಕುಂಯ್‌ಗುಡುತ್ತಿದ್ದಳು, ನಡುಗಿದಳು, ಎದ್ದರೆ ತೂರಾಡಿದಳು. ಮಂಚದ ಮೇಲಿಂದ ಬಿದ್ದರೆ ಕಷ್ಟ ಅಂತ ನೆಲದ ಮೇಲೇ ಕಂಬಳಿ ಹಾಸಿ ಮಲಗಿಸಿದೆ. ಪೂರ್ತಿ ಎಚ್ಚರವಾದ ಮೇಲೆ ಗುಟುಕು ಗುಟುಕಾಗಿ ನೀರು, ಆಮೇಲೆ ಎರಡು ತುತ್ತು ಮೊಸರನ್ನ. ಇವತ್ತೂ ಮಂಕಾಗಿರುತ್ತಾಳೆ. ಮೆತ್ತಗಿನ ಅನ್ನಕ್ಕೆ ಮೊಸರೋ ತಿಳಿ ರಾಗಿ ಅಂಬಲಿಯೋ ಸ್ವಲ್ಪ ಸ್ವಲ್ಪ ಕೊಡು. ಉಚ್ಚೆ ಹೊಯ್ದಳಾ ಅಂತ ಇವತ್ತೇ ಗಮನಿಸು. ಕಕ್ಕ ಎರಡು ದಿನ ಆಗದಿದ್ದರೆ ಗಾಬರಿಯಾಗಬೇಡ. ಆಪರೇಷನ್‌ಗೆ ಮುಂಚೆ ಹೊಟ್ಟೆ ಖಾಲಿ ಇಡಿಸಿದ್ದರು. ಮೈ ಮುಟ್ಟಿ ‘ಜ್ವರ ಬಂದಿದೆ’ ಅನ್ನಲೂ ಬೇಡಿ. ನಾಯಿಯ ಮೈ ನಮ್ಮದಕ್ಕಿಂತ ಬಿಸಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅವುಗಳಿಗೆ ಸಹಜ.

ನಿಮ್ಮತ್ತೆಯವರದು ಬಾಣಂತನ ಮಾಡಿದ ಕೈ. ಹೊಟ್ಟೆ ಕೊಯ್ದಿದ್ದಾರೆ ಅಂದ ಕೂಡಲೇ ಬೆಳ್ಳುಳ್ಳಿ ಸುಟ್ಟು, ಮೆಣಸಿನ ಸಾರು ಕಾಯಿಸಿ, ಹೊಟ್ಟೆಗೆ ಸೀರೆ ತುಂಡು ಬಿಗಿಯಲು ನೋಡುತ್ತಾರೆ. ಅವರ ಮನಸ್ಸು ನೋಯದ ಹಾಗೆ ಹೇಳು. ಬೆಳ್ಳುಳ್ಳಿ, ಈರುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ, ಬೇಯಿಸಿದ್ದೂ ಕೂಡದು. ಬಿಗಿದ ಬಟ್ಟೆಯ ಒಳಗೆ ತೇವ ನಿಂತು ಗಾಯ ಕೊಳೆಯುತ್ತದೆ. ಅರಿಶಿನ, ಬೂದಿ, ಕಾಫಿ ಪುಡಿ ಯಾವುದೂ ಬೇಡ. ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ. ನಮ್ಮ ಕಡೆ ತಲೆಯಿಂದ ಕಾಲಿನವರೆಗೆ ಎಲ್ಲಕ್ಕೂ ಅದೇ ಮದ್ದು, ಆದರೆ ಚುಕ್ಕಿಗೆ ಅದು ತಿಂಡಿ. ಹಚ್ಚಿದರೆ ನೆಕ್ಕುತ್ತಾಳೆ.

ನೆಕ್ಕಿದರೆ ಗಾಯ ಮಾಯುತ್ತದೆ ಅನ್ನುವ ಮಾತನ್ನು ನಂಬಬೇಡ. ಬಾಯಿಯ ಕ್ರಿಮಿ ಗಾಯಕ್ಕೆ ಹೋಗುತ್ತದೆ, ಮುಂದಿನ ಹಲ್ಲಿಗೆ ಹೊಲಿಗೆ ಸಿಕ್ಕಿ ಬಿಚ್ಚುತ್ತದೆ. ಅದಕ್ಕೇ ಕೊರಳಿಗೆ ಪ್ಲಾಸ್ಟಿಕ್ ಕಾಲರ್ ಹಾಕಿದ್ದಾರೆ. ಬಾಗಿಲಿಗೆ, ಪಾತ್ರೆಗೆ ತಗುಲಿ ಸದ್ದು ಮಾಡಿಕೊಂಡು ನಿನ್ನ ಮುಖ ನೋಡುತ್ತಾಳೆ, ಕರಗಬೇಡ. ಉಣ್ಣುವಾಗ ಬಿಚ್ಚಿದರೆ ತಟ್ಟೆ ಎತ್ತುವವರೆಗೆ ಎದುರಿಗೇ ಕೂತಿರು. ತೀರಾ ಹಟ ಮಾಡಿದರೆ ಹುಡುಗರ ಹಳೇ ಟೀ ಶರ್ಟ್ ತೊಡಿಸು: ಮುಂಗಾಲು ತೋಳಿನಲ್ಲಿ ತೂರಿಸಿ, ಕೆಳಗಿನ ಅಂಚನ್ನು ಬೆನ್ನಿನ ಮೇಲೆ ಸಡಿಲವಾಗಿ ಗಂಟು ಹಾಕು. ಒದ್ದೆಯಾದರೆ ತಕ್ಷಣ ಬದಲಿಸು.

ಇನ್ನು ಜಾಗದ ಮಾತು. ಅವಳಿಗೆ ಇಷ್ಟವಾದ ಜಾಗ ಯಾವುದೂ ಈಗ ಅವಳಿಗೆ ಆಗುವುದಿಲ್ಲ. ನಾರಿನ ಪುಡಿಯ ಗುಡ್ಡೆ ತಂಪಾಗಿರುತ್ತದೆ, ಆದರೆ ಅದರ ಧೂಳೆಲ್ಲ ಹೊಲಿಗೆಗೆ ಅಂಟುತ್ತದೆ. ಕೊಟ್ಟಿಗೆಯಲ್ಲಿ ನೊಣ, ನೊಣ ಕೂತ ಗಾಯದಲ್ಲಿ ಹುಳ ಬೀಳಲು ಹೆಚ್ಚು ದಿನ ಬೇಡ. ಮಟ್ಟೆ ರಾಶಿ ಹತ್ತಬಾರದು, ಬದು ಹಾರಬಾರದು, ಅಟ್ಟದ ಏಣಿ ಮುಟ್ಟಬಾರದು. ನಿಮ್ಮ ಮನೆಯವರ ಟಿವಿಎಸ್‌ನಲ್ಲಿ ಮುಂದೆ ನಿಂತು ಸವಾರಿ ಹೋಗುತ್ತಾಳಲ್ಲ, ಅದೂ ಬಂದ್. ಕಾಯಿ ಕೆಡವುವವರು, ಸುಲಿಯುವವರು ಬಂದ ದಿನ ಹೊಸಬರನ್ನು ಕಂಡು ನೆಗೆದಾಡುತ್ತಾಳೆ. ಅವತ್ತು ಒಳಗಿನ ಕೋಣೆ ಸರಿ. ನಡುಮನೆಯ ಮೂಲೆಯಲ್ಲಿ ಒಗೆದ ದುಪ್ಪಟಿ ಹಾಸು. ಹೊರಗೆ ಬಿಡುವುದು ಉಚ್ಚೆಗೆ, ಕಕ್ಕಕ್ಕೆ ಮಾತ್ರ, ಅದೂ ಗಿಡ್ಡ ಹಗ್ಗ ಹಿಡಿದುಕೊಂಡು.

ರಾತ್ರಿ ಜಗಲಿಯ ಕಂಬಕ್ಕೆ ಕಟ್ಟಬೇಡ. ಗುಬ್ಬಿ, ತುರುವೇಕೆರೆ ಕಡೆ ಚಿರತೆ ಓಡಾಟ ನಿನಗೆ ಗೊತ್ತೇ ಇದೆ. ತೋಟದ ಮನೆಗೆ ಬಂದ ಚಿರತೆಗೆ ಕಟ್ಟಿದ ನಾಯಿ ಸುಲಭದ ತುತ್ತು. ರಕ್ತದ ವಾಸನೆ ಇರುವ, ಕಾಲರ್ ಹಾಕಿಕೊಂಡು ಅಕ್ಕಪಕ್ಕ ನೋಡಲಾಗದ ನಾಯಿಗೆ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ. ಕೆಲವು ದಿನ ಊರ ಗಂಡುನಾಯಿಗಳೂ ಮೂಸಿಕೊಂಡು ಬರಬಹುದು. ಮರಿಯಾಗುವ ಭಯ ಇನ್ನಿಲ್ಲ, ಆದರೆ ಅವುಗಳ ಗಲಾಟೆಗೆ ಒಳಹೊಲಿಗೆ ತಾಳುವುದಿಲ್ಲ.

ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬೆಳಕಿನಲ್ಲಿ ಮಲಗಿಸಿ ಗಾಯ ನೋಡು. ಮಗನಿಗೆ ಹೇಳಿ ದಿನಾ ಫೋಟೋ ತೆಗೆಸು. ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸ ಅಂತ ಫೋಟೋ ಹೇಳುತ್ತದೆ. ಸ್ವಲ್ಪ ಕೆಂಪು, ಸ್ವಲ್ಪ ಊತ ಸರಿಯೇ. ಕೀವು, ಕೆಟ್ಟ ವಾಸನೆ, ದಿನೇದಿನೇ ಹೆಚ್ಚುವ ಊತ, ಬಿಟ್ಟುಕೊಂಡ ಅಂಚು ಕಂಡರೆ ಅವತ್ತೇ ಡಾಕ್ಟರಿಗೆ ತೋರಿಸು. ಒಳಗಿನದೇನಾದರೂ ಹೊರಗೆ ಇಣುಕಿದರೆ ತಳ್ಳಲು ಹೋಗದೆ, ಶುದ್ಧ ಬಟ್ಟೆ ಒದ್ದೆ ಮಾಡಿ ಮುಚ್ಚಿ ಕೂಡಲೇ ಹೊರಡು. ಹೊಲಿಗೆ ಬಿಚ್ಚುವವರೆಗೆ ಸ್ನಾನ ಇಲ್ಲ.

ಎಲ್ಲಕ್ಕಿಂತ ಮುಖ್ಯ, ತುಟಿ ಎತ್ತಿ ಒಸಡು ನೋಡುವುದನ್ನು ರೂಢಿ ಮಾಡಿಕೋ. ಈಗ ತಿಳಿಗುಲಾಬಿ ಇದೆ. ಬಿಳಿಚಿಕೊಂಡು, ಹೊಟ್ಟೆ ಉಬ್ಬಿ, ಅವಳು ಏಳಲಾರದೆ ಮಲಗಿದರೆ ಒಳಗೆ ರಕ್ತ ಸೋರುತ್ತಿದೆ ಅಂತ ತಿಳಿ; ಬೆಳಗಾಗಲಿ ಅಂತ ಕಾಯಬೇಡ. ನಮ್ಮ ಸೀಮೆಯಲ್ಲಿ ರಕ್ತ ನಿಲ್ಲದಿರಲು ಎರಡು ಕಾರಣಗಳನ್ನು ಮರೆಯಬಾರದು. ಒಂದು, ಉಣ್ಣೆ ಕಚ್ಚಿ ಬರುವ ಜ್ವರ. ಅದು ರಕ್ತ ಹೆಪ್ಪುಗಟ್ಟಿಸುವ ಕಣಗಳನ್ನೇ ಇಳಿಸುತ್ತದೆ. ಅದಕ್ಕೇ ಡಾಕ್ಟರು ಮೊದಲು ರಕ್ತಪರೀಕ್ಷೆ ಮಾಡಿಸಿದ್ದು. ಇನ್ನೊಂದು ಅಟ್ಟದ ಇಲಿಪಾಷಾಣ. ಬ್ರೊಮಾಡಿಯೊಲೋನ್ ಥರದ ಇಲಿಮದ್ದು ರಕ್ತ ಹೆಪ್ಪುಗಟ್ಟುವುದನ್ನೇ ನಿಲ್ಲಿಸುತ್ತದೆ, ಅದೂ ತಿಂದ ಕೂಡಲೇ ಅಲ್ಲ, ಕೆಲವು ದಿನ ಬಿಟ್ಟು. ಮದ್ದು ತಿಂದು ಸತ್ತ ಇಲಿಯನ್ನು ತಿಂದರೂ ಅಪಾಯವೇ. ಇವತ್ತೇ ಅಟ್ಟದಿಂದ ತೆಗೆಸಿಬಿಡು, ಕೊಬ್ಬರಿಗೆ ಬೋನು ಇಟ್ಟರೆ ಸಾಕು.

ಚೀಟಿಯಲ್ಲಿರುವ ಮಾತ್ರೆಗಳನ್ನು ಅನ್ನ ತಿಂದ ಮೇಲೆ, ಬರೆದಷ್ಟು ದಿನವೂ ಕೊಡು. ನೋವು ಹೆಚ್ಚಿದೆ ಅನ್ನಿಸಿದರೂ ನಿಮ್ಮ ಡಬ್ಬಿಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಟ್ಟಬೇಡ; ನಮಗೆ ಮದ್ದಾದದ್ದು ನಾಯಿಯ ಹೊಟ್ಟೆ, ಯಕೃತ್ತು, ಮೂತ್ರಪಿಂಡ ಕೆಡಿಸುತ್ತದೆ. ಮತ್ತೆ ಮತ್ತೆ ವಾಂತಿ ಮಾಡಿದರೆ, ನಾಳೆಯೂ ಅನ್ನ ಮೂಸದಿದ್ದರೆ ಡಾಕ್ಟರಿಗೆ ಫೋನ್ ಮಾಡು. ಅವರು ಸಿಗದಿದ್ದರೆ 1962ಕ್ಕೆ ಮಾಡಿ ಕೇಳು, ಪಶು ವೈದ್ಯರ ಸಂಚಾರಿ ಗಾಡಿಯ ನಂಬರ್ ಅದು.

ನಿಮ್ಮತ್ತೆಯವರು ‘ಬಾಯಿಲ್ಲದ ಪ್ರಾಣಿಗೆ ಇಂಥದ್ದು ಮಾಡಿಸಿದ್ದು ಪಾಪ ಅಲ್ಲವಾ’ ಅಂತ ಕೇಳಿದರಂತೆ. ಬೆದೆಗೆ ಬರುವುದು ವರ್ಷಕ್ಕೆ ಎರಡು ಸಲ, ಬಸಿರು ಎರಡೇ ತಿಂಗಳು. ಈದ ಮರಿಗಳಲ್ಲಿ ಗಂಡಿಗೆ ಗಿರಾಕಿ ಉಂಟು, ಹೆಣ್ಣುಮರಿಗಳು ಗೋಣಿಚೀಲದಲ್ಲಿ ಯಾವುದೋ ಕ್ರಾಸಿಗೆ ಹೋಗುತ್ತವೆ. ಪಾಪ ಅದು. ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬಿ ಸಾಯುವ ಹೆಣ್ಣುನಾಯಿಗಳೂ ಕಡಿಮೆಯಿಲ್ಲ; ಚುಕ್ಕಿಗೆ ಆ ಗಂಡಾಂತರ ತಪ್ಪಿತು. 2023ರ ಕೇಂದ್ರದ ನಿಯಮಗಳಲ್ಲಿ ಬೀದಿನಾಯಿಗಳಿಗೆ ಈ ಆಪರೇಷನ್ ಮಾಡಿಸುವ ಹೊಣೆ ಸ್ಥಳೀಯ ಆಡಳಿತದ್ದು, ಸಾಕಿದ ನಾಯಿಯ ಹೊಣೆ ಸಾಕಿದವರದ್ದು. ಕಾವಲು ಬಿಡುತ್ತಾಳೆ ಅನ್ನುವ ಭಯವೂ ಬೇಡ. ಹಸಿವು ಮಾತ್ರ ಹೆಚ್ಚುತ್ತದೆ, ಮೈ ಬರುತ್ತದೆ. ಕೊಬ್ಬರಿ ಚೂರು ಎಸೆಯುವ ಅಭ್ಯಾಸವನ್ನು ಹುಡುಗರಿಗೆ ಬಿಡಿಸು.

ಒಂದು ಮಾತು ನಿನಗೇ. ಕ್ಯಾಂಪಿನಲ್ಲಿ ನಿನಗೆ ಮಕ್ಕಳಾಗದ ಆಪರೇಷನ್ ಆದಾಗ, ಹೊಲಿಗೆ ಇನ್ನೂ ಹಸಿ ಇರುವಾಗಲೇ ಕಾಯಿ ಸುಲಿಯುವವರಿಗೆ ಅಡುಗೆ ಮಾಡಿ ತಲೆ ಮೇಲೆ ಹೊತ್ತು ತೋಟಕ್ಕೆ ಹೋದೆ. ಬೇಡ ಅಂದವರಿಲ್ಲ. ಯಾರೂ ಕೆಟ್ಟವರಾಗಿರಲಿಲ್ಲ, ಯಾರಿಗೂ ಹೊಳೆಯಲಿಲ್ಲ, ಅಷ್ಟೇ. ಗಂಡುನಾಯಿಗೆ ಮಾಡುವ ಆಪರೇಷನ್ ಇದಕ್ಕಿಂತ ಎಷ್ಟೋ ಸಣ್ಣದು, ಮನುಷ್ಯರಲ್ಲೂ ಹಾಗೆಯೇ. ಆದರೂ ಎರಡು ಕಡೆಯೂ ಕತ್ತರಿ ಮೊದಲು ಬರುವುದು ಹೆಣ್ಣಿನ ಹೊಟ್ಟೆಗೆ. ಹೊಟ್ಟೆ ಕೊಯ್ಸಿಕೊಂಡ ಹೆಣ್ಣನ್ನು ಹೇಗೆ ನೋಡಿಕೊಳ್ಳಬೇಕು ಅಂತ ನಿನ್ನ ಮಕ್ಕಳು ಈ ಸಲ ಕಣ್ಣಾರೆ ಕಲಿಯಲಿ. ಹಗ್ಗ ಹಿಡಿಯುವ ಸರದಿ ಮಗನದಿರಲಿ, ಮಾತ್ರೆಯ ಲೆಕ್ಕ ನಿಮ್ಮ ಮನೆಯವರದಿರಲಿ. ಎಲ್ಲವನ್ನೂ ನೀನೇ ಮೈಮೇಲೆ ಹಾಕಿಕೊಳ್ಳಬೇಡ.

10ರಿಂದ 14 ದಿನದೊಳಗೆ ಹೊಲಿಗೆ ಬಿಚ್ಚಿಸಬೇಕು. ಬರುವಾಗ ಬೇರೆಯವರ ಕೈಲಿ ಕಳಿಸದೆ ನೀನೇ ಕರೆದುಕೊಂಡು ಬಾ, ಎರಡು ದಿನ ಉಳಿಯುವ ಹಾಗೆ ಬಾ. ಅಲ್ಲಿಯವರೆಗೆ ಚುಕ್ಕಿ ಎಷ್ಟೇ ಲವಲವಿಕೆಯಾಗಿ ಕಂಡರೂ ಓಡಲು ಬಿಡಬೇಡ.

ಇಂತಿ ನಿನ್ನ ಪ್ರೀತಿಯ
ಅಕ್ಕ