ಸುಣ್ಣದ ಕೆಳಗಿನ ಅಕ್ಷರ

ಅರಕೇರಾದಿಂದ ಹೊರಟು ರಾಯಚೂರಿನಲ್ಲಿ ರೈಲು ಹಿಡಿದು ನಾನು ಬೆಂಗಳೂರಿಗೆ ಹೋದದ್ದು ಬಂಧುಗಳ ಮನೆಯ ಲಿಂಗದೀಕ್ಷೆಯ ಕಾರ್ಯಕ್ಕೆ. ಕಾರ್ಯ ಸಾಂಗವಾಗಿ ನೆರವೇರಿದ ಮರುದಿನ, ಹೆಬ್ಬಾಳದಲ್ಲಿರುವ ಒಂದು ಶಾಸನವನ್ನು ನೋಡಿ ಬರುವೆನೆಂದು ಎದ್ದೆ. ನನ್ನ ತಮ್ಮನ ಮೊಮ್ಮಗಳು ನಕ್ಕಳು: “ಕಲ್ಲು ನೋಡಾಕ ಬೆಂಗಳೂರಿಗೆ ಬರಬೇಕೇನ್ ಅಜ್ಜಾ? ನಿಮ್ಮ ರಾಯಚೂರಾಗ ಬರೇ ಕಲ್ಲ ಅದಾವಲ್ಲ!” ಹುಡುಗಿಯ ಮಾತು ಸುಳ್ಳಲ್ಲ. ಆದರೂ ಅವಳನ್ನೇ ಜೊತೆಗೆ ಕರೆದುಕೊಂಡು ಹೊರಟೆ.

ಮೇಲುಸೇತುವೆಗಳ ಗದ್ದಲವನ್ನು ದಾಟಿ ಬಡಾವಣೆಯ ಒಳಬೀದಿಗೆ ಹೊಕ್ಕರೆ, ಮನೆಗಳ ನಡುವೆಯೇ ಆ ಕಲ್ಲಿಗೊಂದು ಮಂಟಪ. ಗಂಗ ದೊರೆ ಶ್ರೀಪುರುಷನ ಆಳ್ವಿಕೆಯ, ಸುಮಾರು ಕ್ರಿ.ಶ. 750ರ ವೀರಗಲ್ಲು ಅದು. ಪೆರ್ಬೊಳಲ್ ನಾಡಿನ ಮೇಲೆ ಬಂದ ದಂಡನ್ನು ಎದುರಿಸಿ ಮಡಿದ ಕಿತ್ತಯ್ಯನೆಂಬವನ ನೆನಪಿಗೆ ನಿಲ್ಲಿಸಿದ್ದು. ಆಯುಧ ಹಿಡಿದ ಅವನ ಆಕೃತಿಯೂ ಅಲ್ಲಿದೆ. ಪೆರ್ಬೊಳಲೇ ಹೆಬ್ಬಾಳವಾಯಿತೆಂದು ವಿವರಿಸಿದಾಗ ಹುಡುಗಿ ನಗುವುದನ್ನು ಬಿಟ್ಟು, ಹಳಗನ್ನಡದ ಪಕಾರವು ಹಕಾರವಾದ ಬಗೆಯನ್ನು ಬೇರೆ ಬೇರೆ ಶಬ್ದಗಳಿಗೆ ಹಚ್ಚಿ ನೋಡತೊಡಗಿದಳು. ಹಾಲು, ಹಾವು, ಹೂವು ಎಲ್ಲವೂ ಅವಳ ಬಾಯಲ್ಲಿ ಹಿಂದಕ್ಕೆ ನಡೆದವು.

ಈ ಕಲ್ಲು ಬೆಳಕಿಗೆ ಬಂದದ್ದು 2018ರಲ್ಲಿ, ಬೀದಿಯಲ್ಲಿ ಚರಂಡಿಗಾಗಿ ನೆಲ ಅಗೆಯುವಾಗ. ಅಗೆದ ಮಣ್ಣಿನೊಡನೆ ಅದೂ ಎಲ್ಲಿಗೋ ಸಾಗಿಹೋಗಬಹುದಾಗಿತ್ತು. ಹೋಗದಿದ್ದುದಕ್ಕೆ ಕಾರಣ ಅದಕ್ಕೆ ಒಂದು ವರ್ಷ ಮೊದಲೇ, 2017ರಲ್ಲಿ, ಬೆಂಗಳೂರಿನ ಶಾಸನಗಳನ್ನು ಹುಡುಕಲು ಕೂಡಿಕೊಂಡಿದ್ದ ಕೆಲವರು ಸ್ವಯಂಸೇವಕರು. ಅವರಲ್ಲಿ ಎಂಜಿನಿಯರುಗಳೂ ಇದ್ದರು, ಸಂಬಳವಿಲ್ಲ, ಪದವಿಯಿಲ್ಲ. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟವನ್ನು ಹಿಡಿದು, ಅದರಲ್ಲಿ ಹೆಸರಿಸಿದ ಊರೂರಿಗೆ ಹೋಗಿ “ಈ ಕಲ್ಲು ಈಗ ಎಲ್ಲಿದೆ?” ಎಂದು ಕೇಳುವುದೇ ಅವರ ಕೆಲಸ. ಎಷ್ಟೋ ಕಡೆ ಕಲ್ಲಿನ ಬದಲು ಕಟ್ಟಡ ಕಂಡಿತು. ಸಿಕ್ಕಲ್ಲಿ ಮಾತ್ರ, ಆ ಬೀದಿಯವರನ್ನೇ ಕೂಡಿಸಿ ಅದರಲ್ಲಿರುವುದನ್ನು ಓದಿ ಹೇಳಿದರು. ನನಗೆ ಹಿರಿದಾಗಿ ತೋರಿದ್ದು ಇದೇ. ಕಲ್ಲಿಗೆ ಬೇಲಿ ಹಾಕುವುದಕ್ಕಿಂತ ಮೊದಲು ಅದರ ನೆರೆಮನೆಯವರಿಗೆ ಅದರ ಹೆಸರು ಗೊತ್ತಾಗಬೇಕು. ಮುಂದೆ 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ, ಪಿ.ಎಲ್. ಉದಯಕುಮಾರ್ ಅವರ ನೇತೃತ್ವದಲ್ಲಿ, 2021ರಿಂದ ಶಾಸನಗಳ ಮೂರು ಆಯಾಮದ ಪ್ರತಿಗಳನ್ನು ಯಂತ್ರದಿಂದ ತೆಗೆಯುವ ಕಾರ್ಯ ಆರಂಭವಾಯಿತು. ಸವೆದು ಕಣ್ಣಿಗೆ ಕಾಣದ ಗೆರೆಯೂ ಅದರಲ್ಲಿ ಮೂಡುತ್ತದೆಯಂತೆ.

ಇದು ನಮ್ಮ ಮನೆತನಗಳಿಗೆ ಸಂಬಂಧಿಸಿದ ವಿಷಯವಲ್ಲವೆಂದು ಯಾರೂ ತಿಳಿಯಬಾರದು. ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ 1260ರ ಶಾಸನವೊಂದಿದೆ. ಬಾಗೇವಾಡಿಯ ಮಾದಿರಾಜನ ಮಗನಾದ ಬಸವರಾಜನನ್ನು ಅದು ಹೆಸರಿಸುತ್ತದೆ. ಪುರಾಣಕಾರರ ಭಕ್ತಿಯನ್ನು ನಂಬದವನೂ ಆ ಕಲ್ಲಿನ ಎದುರು ಮಾತು ನಿಲ್ಲಿಸಬೇಕಾಗುತ್ತದೆ. ಅದನ್ನೊಬ್ಬ ಗೌಡ ಹೊಸ್ತಿಲಿಗೆ ಹಾಕಿಸಿದ್ದರೆ? ವಚನದ ಕಟ್ಟುಗಳಿಗಾಗಿ ಮನೆಮನೆ ಅಲೆದ ಫ.ಗು. ಹಳಕಟ್ಟಿಯವರು ಮುದ್ರಣಕ್ಕಾಗಿ ಸ್ವಂತ ಮನೆಯನ್ನೇ ಮಾರಿದ್ದನ್ನು ನಾವು ಸಭೆಗಳಲ್ಲಿ ಹೊಗಳುತ್ತೇವೆ. ನಮ್ಮ ಅಟ್ಟದ ಮೇಲಿನ ಕಟ್ಟನ್ನು ಮಾತ್ರ ಬಿಚ್ಚುವುದಿಲ್ಲ.

ನಮ್ಮ ಸೀಮೆಯ ಕಷ್ಟ ಬೇರೆಯದೇ. 1948ರವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು. ದಫ್ತರದ ಭಾಷೆ ಉರ್ದು. ಅಜ್ಜ ಬಿಟ್ಟುಹೋದ ಹೊಲದ ಕಾಗದವನ್ನು ಮೊಮ್ಮಗ ಓದಲಾರ. ಓದಲಾರದ ಕಾಗದ ಒಲೆಗೆ ಹತ್ತಿರ. ಮಸ್ಕಿಯಲ್ಲಿ ಅಶೋಕನ ಹೆಸರುಳ್ಳ ಶಾಸನವನ್ನು 1915ರಲ್ಲಿ ಕಂಡವನು ಬೀಡನ್ ಎಂಬ ಗಣಿಯ ಎಂಜಿನಿಯರು, ಅವನು ಬಂದದ್ದು ಬಂಗಾರ ಹುಡುಕಲು. ಆ ಬಂಡೆಯ ಮಗ್ಗುಲಲ್ಲೇ ತಲೆತಲಾಂತರದಿಂದ ದನ ಕಾಯ್ದವರು ನಾವು. ನಮ್ಮ ದೇವದುರ್ಗದ ಗಬ್ಬೂರಿನಲ್ಲಿ ಎಷ್ಟೊಂದು ಹಳೆಯ ಗುಡಿಗಳು, ಎಷ್ಟೊಂದು ಶಾಸನಗಳು! ಅವುಗಳ ಮುಂದೆ ದಿನವೂ ಹಾಯುವವರಲ್ಲಿ ಒಂದು ಸಾಲನ್ನಾದರೂ ಓದಬಲ್ಲವರೆಷ್ಟು?

ಪರರನ್ನೇಕೆ ದೂರಲಿ? ನಾನೇ ಅಪರಾಧಿ. ಮಠದಲ್ಲಿ ಓದುತ್ತಿದ್ದ ಬಾಲ್ಯದಲ್ಲಿ, ಜಾತ್ರೆಯ ಮುಂಚೆ ಗೋಡೆಗಳಿಗೆಲ್ಲ ಸುಣ್ಣ ಬಳಿಯುವುದು ನಮ್ಮ ಪಾಲಿನ ಸೇವೆ. ಬಾಗಿಲ ಬಲಬದಿಗೆ ಅಕ್ಷರದ ಕಲ್ಲೊಂದು ಇತ್ತು. ಉಬ್ಬುತಗ್ಗು ಕಾಣಬಾರದೆಂದು ನಾನು ಅದರ ಮೇಲೆ ಎರಡು ಕೈ ಹೆಚ್ಚಾಗಿಯೇ ಬಳಿಯುತ್ತಿದ್ದೆ. ಹಿರಿಯರು ಶಹಬ್ಬಾಸ್ ಎಂದಿದ್ದರು. ಹೀಗೆ ಏಳು ವರ್ಷ. ಆಮೇಲೆ ವ್ಯಾಕರಣ ಕಲಿತೆ, ಛಂದಸ್ಸು ಕಲಿತೆ, ತಾಡವೋಲೆ ಓದಲು ಕಲಿತೆ. ಆ ಕಲ್ಲು ನೆನಪಿಗೆ ಬಂದದ್ದು ಹೆಬ್ಬಾಳದ ಮಂಟಪದ ಮುಂದೆ ನಿಂತಾಗ.

ಊರಿಗೆ ಮರಳಿದವನು ಮನೆಯಲ್ಲಿ ಎರಡು ದಿನವೂ ನಿಲ್ಲದೆ ಆ ಮಠಕ್ಕೆ ಹೋದೆ. ಕಲ್ಲು ಇದೆ. ಸುಣ್ಣದ ಮೇಲೆ ಈಗ ಹಸಿರು ಎಣ್ಣೆಬಣ್ಣ ಏರಿದೆ. ಕೆರೆಯಲು ಹೊರಟ ಹುಡುಗನೊಬ್ಬನ ಕೈಯಿಂದ ಉಳಿಯನ್ನು ಕಸಿದುಕೊಂಡು, ಬಲ್ಲವರು ಬರುವವರೆಗೆ ಮುಟ್ಟಬೇಡವೆಂದೆ. ಶಾಲೆಯ ಇಬ್ಬರು ಶಿಕ್ಷಕರು, ಒಬ್ಬ ಪೂಜಾರಿ, ಮೊಬೈಲಿನಲ್ಲಿ ಚಿತ್ರ ತೆಗೆಯಬಲ್ಲ ಅದೇ ಹುಡುಗ, ಇಷ್ಟೇ ಜನ ಸೇರಿ ಊರಿನ ಕಲ್ಲುಗಳ ಪಟ್ಟಿ ಬರೆಯಲು ಕುಳಿತೆವು. ಸಂಜೆ ಇಳಿಬಿಸಿಲು ಓರೆಯಾಗಿ ಗೋಡೆಗೆ ಬಿದ್ದಾಗ ಬಣ್ಣದ ಅಡಿಯಿಂದ ಒಂದು ಅಕ್ಷರದ ಬೆನ್ನು ಉಬ್ಬಿ ಕಂಡಿತು. ‘ಶ್ರೀ’ಕಾರವಿರಬೇಕೆಂದು ನಾನೆಂದೆ. ಹುಡುಗ ಬಗ್ಗಿ ನೋಡಿ, “ಇಲ್ರೀ ಅಜ್ಜಾರ, ಇದು ಬ್ಯಾರೆ ಅದ” ಎಂದ.